ಟರ್ಬೊ ಗಾಡಿಗೆ ಪತ್ರಾ ಬೇಕೇ?

ನಿವೃತ್ತಿಯಾದ ಮೇಲೆ ನನಗೆ ಮಧ್ಯಾಹ್ನದ ನಿದ್ದೆಯ ಚಟ ಹತ್ತಿದೆ. ಜೋಳದ ರೊಟ್ಟಿ, ಪುಂಡಿಪಲ್ಯ ಹೊಟ್ಟೆಗೆ ಬಿದ್ದು ತಲೆಯ ಮೇಲೆ ಫ್ಯಾನು ತಿರುಗತೊಡಗಿದರೆ ಸಾಕು, ಕಣ್ಣು ತಾನೇ ಮುಚ್ಚುತ್ತದೆ. ಆಗ ವರ್ಕ್‌ಶಾಪ್ ಬರುತ್ತದೆ. ಅಂಗಳದ ತುಂಬ ಗಾಡಿಗಳು ಬಾನೆಟ್ ತೆರೆದುಕೊಂಡು ನಿಂತಿರುತ್ತವೆ. ಎಲ್ಲದರ ಎಂಜಿನ್ನೂ ಚಾಲೂ ಇರುತ್ತದೆ, ಆದರೆ ಸದ್ದು ಮಾತ್ರ ಇರುವುದಿಲ್ಲ. ಬಾನೆಟ್ಟಿನ ಮೇಲಿನ ಗಾಳಿ ನೀರಿನಂತೆ ತೇಲಾಡುತ್ತದೆ. ಅದರಾಚೆ ಗೇಟಿನ ಬೇವಿನ ಮರ, ಮರದ ಹಿಂದಿನ ದೊಡ್ಡ ಬಂಡೆ, ಎರಡೂ ಮೆಲ್ಲಗೆ ಅಲ್ಲಾಡುತ್ತವೆ. ಗಿರಾಕಿಗಳು ಬೆಂಚಿನ ಮೇಲೆ ಕೂತಿರುತ್ತಾರೆ, ಗಾಡಿ ಯಾವಾಗ ಆಗುತ್ತದೆ ಎಂದು ಒಬ್ಬರೂ ಕೇಳುವುದಿಲ್ಲ. ಅಲ್ಲಿಗೆ ನನಗೆ ಗೊತ್ತಾಗಿಬಿಡುತ್ತದೆ, ಇದು ಕನಸೇ ಸರಿ ಎಂದು.

ಮೊನ್ನೆ ಇಂಥದೇ ನಿದ್ದೆಯಿಂದ ನನ್ನನ್ನು ಎಬ್ಬಿಸಿದವಳು ನಮ್ಮ ಓಣಿಯ ಹುಡುಗಿ. ಡಿಪ್ಲೊಮಾ ಮುಗಿಸಿ ಜೀಡಿಮೆಟ್ಲಾ ಕಡೆಯ ಒಂದು ಕಾರ್ ವರ್ಕ್‌ಶಾಪಿಗೆ ಹೊಸದಾಗಿ ಸೇರಿದ್ದಾಳೆ. "ಅಂಕಲ್, ಟರ್ಬೊ ಮ್ಯಾಲಿನ ತಗಡು ತೆಗದು ಒಗದ್ರ ನಡೀತೈತೇನ್ರಿ? ಫೋನಿನ್ಯಾಗ ಒಬ್ಬ ಬೇಕು ಅಂತಾನ, ಇನ್ನೊಬ್ಬ ಬ್ಯಾಡ ಅಂತಾನ," ಎಂದಳು. ಬೇಕು ಎಂದು ಒಂದೇ ಮಾತು ಹೇಳಿ ಮತ್ತೆ ಮಲಗಬಹುದಿತ್ತು. ಆದರೆ ನಿದ್ದೆ ಹಾರಿಹೋಗಿತ್ತು, ನನ್ನ ಬಾಯಿಯೂ ಸುಮ್ಮನಿರುವ ಬಾಯಿಯಲ್ಲ. ಅವಳಿಗೆ ಅಂದು ಹೇಳಿದ್ದನ್ನೂ, ಹೇಳದೆ ಉಳಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಪಾನಾ, ಅಂದರೆ ಸ್ಪ್ಯಾನರು, ಹಿಡಿಯಲು ಹೊರಟ ಬೇರೆಯವರಿಗೂ ಇರಲಿ.

ನನ್ನ ಹೆಸರು ಶಂಕ್ರಯ್ಯ ಹಿರೇಮಠ. ಅಪ್ಪ ಸೇಡಂ ಕಡೆಯವರು, ಸರ್ಕಾರಿ ಕಚೇರಿಯ ಕೆಲಸಕ್ಕೆಂದು ಹೈದರಾಬಾದಿಗೆ ಬಂದು ಇಲ್ಲಿಯವರೇ ಆದರು. ಮಗನೂ ಕುರ್ಚಿಯ ಕೆಲಸ ಹಿಡಿಯಲಿ ಎಂಬ ಆಸೆ ಅವರಿಗೆ. ನಾನು ಹಿಡಿದದ್ದು ಗ್ರೀಸು. ಕುಷಾಯಿಗೂಡದ ಹತ್ತಿರದ ಒಂದು ವರ್ಕ್‌ಶಾಪಿಗೆ ಮೆಕ್ಯಾನಿಕ್ ಆಗಿ ಸೇರಿ, ಅಲ್ಲಿಯೇ ಕೂದಲು ನರೆತು, ಅಲ್ಲಿಂದಲೇ ಹೂಮಾಲೆ ಹಾಕಿಸಿಕೊಂಡು ಹೊರಗೆ ಬಂದೆ. ನಡುವೆ ಒಂದೆರಡು ಸಲ ಶರ್ಟಿನ ಬಣ್ಣ ಬದಲಾಯಿತು. ಬಡ್ತಿಯ ಕಥೆ ಇಷ್ಟೇ.

ಆ ಹುಡುಗಿ ತಗಡು ಎಂದದ್ದನ್ನು ನಾವು ಪತ್ರಾ ಎನ್ನುತ್ತಿದ್ದೆವು. ಎಂಜಿನ್ನಿನಿಂದ ಹೊಗೆ ಹೊರಡುವ ಕೊಳವೆಯ ಮೇಲೆ, ಸೈಲೆನ್ಸರಿನ ಮೇಲೆ, ಟರ್ಬೊ ಇದ್ದರೆ ಅದರ ಮೇಲೆ, ಬೆಳ್ಳಿಯ ಬಣ್ಣದ ತೆಳ್ಳನೆಯ ತಗಡನ್ನು ಬಗ್ಗಿಸಿ ಮುಚ್ಚಿರುತ್ತಾರೆ. ನೋಡಿದರೆ ಡಬ್ಬಿಯ ಮುಚ್ಚಳ, ಯಾರಿಗೂ ಗೌರವ ಹುಟ್ಟುವುದಿಲ್ಲ. ಬಿಸಿಗೆ, ತುಕ್ಕಿಗೆ ಬೋಲ್ಟಿನ ತೂತು ಸವೆದು ದೊಡ್ಡದಾಗುತ್ತದೆ, ತಗಡು ಸಡಿಲಾಗಿ ಝಣಝಣ ಎನ್ನತೊಡಗುತ್ತದೆ. ಗಾಡಿಯ ಒಡೆಯನಿಗೆ ಎಂಜಿನ್ನೇ ಬಿಚ್ಚಿಬೀಳುತ್ತಿದೆ ಎಂಬ ಗಾಬರಿ. ನಾವು ಗಾಡಿಯ ಕೆಳಗೆ ತೂರಿ, ಪತ್ರಾ ಕಿತ್ತು ಮೂಲೆಗೆ ಎಸೆಯುತ್ತಿದ್ದೆವು. ಸದ್ದು ನಿಲ್ಲುತ್ತಿತ್ತು. ಒಡೆಯ ನಮ್ಮನ್ನು ದೇವರು ಎನ್ನುತ್ತಿದ್ದ.

ಹಳೆಯ ಗಾಡಿಗಳಲ್ಲಿ ಇದು ಬಹಳ ಮಟ್ಟಿಗೆ ನಡೆದುಹೋಗುತ್ತಿತ್ತು. ಅವುಗಳ ಹೊಟ್ಟೆಯಲ್ಲಿ ಜಾಗ ಬೇಕಾದಷ್ಟು ಇತ್ತು. ವೈರು ಒಂದು ಕಡೆ, ಕೊಳವೆ ಒಂದು ಕಡೆ, ನಡುವೆ ಬೆಕ್ಕು ಮರಿ ಹಾಕುವಷ್ಟು ಖಾಲಿ. ಕಿತ್ತ ಪತ್ರಾಗಳಿಗೂ ನಮ್ಮ ಕಡೆ ಬದುಕು ಸಿಗುತ್ತಿತ್ತು. ಗೇಟಿನ ಹೊರಗಿನ ಚಹಾದವನು ಒಲೆಯ ಸುತ್ತ ಗಾಳಿಗೆ ಮರೆಯಾಗಿ ಒಂದನ್ನು ನಿಲ್ಲಿಸಿಕೊಂಡ. ಒಂದು ಬಗ್ಗಿದ ಪತ್ರಾ ಬಂಡೆಯ ಮೇಲೆ ಪಾರಿವಾಳಕ್ಕೆ ನೀರಿಡುವ ತಟ್ಟೆಯಾಯಿತು. ನನ್ನ ಹೆಂಡತಿ ಒಂದನ್ನು ಮನೆಗೆ ತರಿಸಿಕೊಂಡು ಅದರ ಮೇಲೆ ಸಂಡಿಗೆ, ಕುರಡಿಗೆ ಒಣಗಿಸುತ್ತಿದ್ದಳು. ಶಾಖವನ್ನು ತಡೆಯಲೆಂದು ಯಾರೋ ತಲೆಕೆಡಿಸಿಕೊಂಡು ಮಾಡಿದ ಸಾಮಾನು ಅದು ಎಂಬುದು ಚಹಾದವನಿಗೆ ಗೊತ್ತಿತ್ತು, ನಮಗೆ ಮರೆತುಹೋಗಿತ್ತು.

ಆಮೇಲೆ ಟರ್ಬೊ ಬಂತು. ಇದೊಂದು ಬಸವನಹುಳುವಿನ ಚಿಪ್ಪಿನ ಆಕಾರದ ಗಂಟು. ಹೊರಗೆ ಓಡುವ ಹೊಗೆ ಒಳಗಿನ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಇನ್ನೊಂದು ತುದಿಯಲ್ಲಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಸಣ್ಣ ಎಂಜಿನ್ನಿಗೆ ದೊಡ್ಡ ಉಸಿರು. ಘಾಟಿ ಹತ್ತಿಸಿ ತಂದ ಗಾಡಿಯ ಬಾನೆಟ್ ತೆಗೆದು ನೆರಳಲ್ಲಿ ನೋಡಿದರೆ ಟರ್ಬೊದ ಒಂದು ಮಗ್ಗುಲು ಕೆಂಪಗೆ ಮಿನುಗುತ್ತಿರುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಕೆಲಸ ಮರೆತು ನಿಂತುಬಿಟ್ಟಿದ್ದೆ. ಬಣ್ಣ ಮೆಲ್ಲಗೆ ಕೆಂಪಿನಿಂದ ಕಂದಿಗೆ, ಕಂದಿನಿಂದ ಬೂದಿಗೆ ಇಳಿಯಿತು. ಸಂಜೆ ಮುಳುಗುವುದನ್ನು ಕಬ್ಬಿಣದಲ್ಲಿ ನೋಡಿದ ಹಾಗಿತ್ತು. ಆ ಚೆಲುವನ್ನು ನಾನು ಇಂದಿಗೂ ಮರೆತಿಲ್ಲ.

ನನ್ನನ್ನು ಆ ಮೈಮರೆವಿನಿಂದ ಎಬ್ಬಿಸಿದವರು ರಜ್ವಿ ಸಾಬರು. ವರ್ಕ್‌ಶಾಪಿನ ಉಸ್ತುವಾರಿ ಅವರದು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಅತ್ತರಿನ ವಾಸನೆಯ ಕರವಸ್ತ್ರ. ಪತ್ರಾ ತೆಗೆದು ಎಸೆಯುವ ನಮ್ಮ ಚಾಳಿಗೆ ಅವರು ಅಂದೇ ಪೂರ್ಣವಿರಾಮ ಹಾಕಿದರು. "ಯೇ ಪರ್ದಾ ಹೈ ಮಿಯಾ. ಬಿನಾ ಪರ್ದಾ ಟರ್ಬೊ ಗಾಡಿ ಮೇರೆ ಗೇಟ್ ಕೆ ಬಾಹರ್ ನಕ್ಕೋ," ಎಂದರು. ಇದು ಪರದೆ, ಇದಿಲ್ಲದ ಟರ್ಬೊ ಗಾಡಿ ನನ್ನ ಗೇಟು ದಾಟಕೂಡದು ಎಂದು ಅರ್ಥ. ಅವರ ಮಾತು ಮೆತ್ತಗಿರುತ್ತಿತ್ತು, ಆದರೆ ಕಲ್ಲಿನ ಮೇಲೆ ಗೆರೆ ಎಳೆದಂತಿರುತ್ತಿತ್ತು.

ಹಾಗಾದರೆ ಸದ್ದನ್ನು ಏನು ಮಾಡುವುದು? ನನಗೆ ಬಹಳ ಬುದ್ಧಿ ಇದೆ ಎಂದು ನಾನು ನಂಬಿದ್ದ ಕಾಲ. ಸುಲ್ತಾನ್ ಬಜಾರಿನ ಒಬ್ಬ ಸೀರೆ ವ್ಯಾಪಾರಿಯ ಗಾಡಿಯಲ್ಲಿ ಪತ್ರಾ ಝಣಗುಟ್ಟುತ್ತಿತ್ತು. ಬೋಲ್ಟಿನ ಕೆಳಗೆ ರಬ್ಬರಿನ ವಾಷರು ಕೂರಿಸಿದೆ. ಸದ್ದು ಮಾಯ. ವಾರ ಕಳೆಯುವುದರೊಳಗೆ ವ್ಯಾಪಾರಿ ಮೂಗು ಮುಚ್ಚಿಕೊಂಡು ಬಂದ. ಗಾಡಿಯಲ್ಲಿ ಇಲಿ ಸತ್ತಿದೆ ಎಂದು ಸೀಟು ಬಿಚ್ಚಿಸಿ ಹುಡುಕಿಸಿದ್ದನಂತೆ, ದೇವರ ಫೋಟೋದ ಮುಂದೆ ಊದುಬತ್ತಿ ಸಿಕ್ಕಿಸಿಕೊಂಡೇ ಗಾಡಿ ಓಡಿಸುತ್ತಿದ್ದ. ಬಾನೆಟ್ ತೆಗೆದರೆ ನನ್ನ ರಬ್ಬರು ಕರಗಿ ಬೆಲ್ಲದ ಪಾಕದಂತೆ ಇಳಿದಿತ್ತು. ರಜ್ವಿ ಸಾಬರು ಬೈಯಲಿಲ್ಲ. ಅತ್ತರಿನ ಕರವಸ್ತ್ರವನ್ನು ಮೂಗಿಗೆ ಹಿಡಿದು ನನ್ನ ಕಡೆ ಒಮ್ಮೆ ನೋಡಿ ಹೋದರು, ಅಷ್ಟೇ. ಆ ನೋಟಕ್ಕಿಂತ ಎರಡು ಏಟು ಹಿತವಾಗಿರುತ್ತಿತ್ತು.

ಮುಂದೆ ಕಂಪನಿಯಿಂದ ಶಾಖ ಅಳೆಯುವ ಪಿಸ್ತೂಲು ಬಂತು. ದೂರದಿಂದ ಗುರಿಯಿಟ್ಟು ಗುಂಡಿ ಒತ್ತಿದರೆ ಅಂಕಿ ತೋರಿಸುತ್ತದೆ. ನಮ್ಮ ಹಿರಿಯ ಮೆಕ್ಯಾನಿಕ್ ಯಾದಗಿರಿಗೆ ಅದರ ಮೇಲೆ ವಿಪರೀತ ಮೋಹ. ಚಹಾದ ಲೋಟಕ್ಕೂ ಗುರಿ ಇಡುತ್ತಿದ್ದ. ಒಂದು ದಿನ ಹೊಳೆಯುವ ಪತ್ರಾಕ್ಕೆ ಗುರಿ ಹಿಡಿದ. ಅಂಕಿ ಬಹಳ ಕಡಿಮೆ ಬಂತು. "ಇಕ್ಕಡ ಏಮೀ ಲೇದು ಸಾರ್," ಇಲ್ಲೇನೂ ಬಿಸಿಯಿಲ್ಲ, ಎನ್ನುತ್ತಲೇ ಕೈ ಇಟ್ಟ. ಕೈ ತೆಗೆಯುವ ಹೊತ್ತಿಗೆ ಬೊಬ್ಬೆ ಎದ್ದಿತ್ತು. ಹೊಳೆಯುವ ತಗಡು ಆ ಪಿಸ್ತೂಲಿಗೆ ಸುಳ್ಳು ಹೇಳುತ್ತದೆ, ತನ್ನ ಬಿಸಿಯನ್ನು ತೋರಿಸದೆ ಸುತ್ತಲಿನದನ್ನು ತೋರಿಸುತ್ತದೆ. ಬಿಸಿ ತಡೆಯುವ ಕರಿ ಬಣ್ಣದ ಒಂದು ಚುಕ್ಕೆ ಇಟ್ಟು ಅದಕ್ಕೆ ಗುರಿ ಹಿಡಿಯಬೇಕು ಎಂದು ಆಮೇಲೆ ಕಲಿತೆವು. ರಜ್ವಿ ಸಾಬರು ಮಾತ್ರ ಹಳೆಯ ಪದ್ಧತಿ ಬಿಡಲಿಲ್ಲ. ಕೈಯ ಬೆನ್ನನ್ನು ದೂರದಿಂದ ನಿಧಾನವಾಗಿ ಹತ್ತಿರ ತರುತ್ತಿದ್ದರು, ಜ್ವರ ನೋಡುವ ತಾಯಿಯ ಹಾಗೆ. ಬಿಸಿ ಎಲ್ಲಿ ಶುರುವಾಗುತ್ತದೆ ಎಂದು ಗಾಳಿಯಲ್ಲೇ ಗುರುತು ಹಿಡಿಯುತ್ತಿದ್ದರು. ಅವರಿಂದ ನಾನು ಕಲಿತ ವಿದ್ಯೆಯಲ್ಲಿ ಇದೇ ನನಗೆ ಹೆಚ್ಚು ಪ್ರಿಯ.

ಇನ್ನು ಪಾಟೀಲ ದಂಪತಿಯ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸದ ಕೊನೆಯ ವರ್ಷಗಳ ಮಾತು.

ಚನ್ನಬಸಪ್ಪ ಪಾಟೀಲರು ನಮ್ಮ ಕಡೆಯವರೇ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಸರಕನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಗಾಡಿ ಓಡಿಸುವುದೆಂದರೆ ಅವರಿಗೆ ಪ್ರಾಣ. ನಿವೃತ್ತಿಯ ನಂತರ ಕಣ್ಣು ಕೈಕೊಟ್ಟಿತು. ಮೊದಲು ಬದಿಯಿಂದ, ಆಮೇಲೆ ನಡುವಿನಿಂದಲೂ ನೋಟ ಹೋಯಿತು. ಬೆಳಕು ಕತ್ತಲೆಯ ವ್ಯತ್ಯಾಸ ಮಾತ್ರ ಉಳಿಯಿತು. ಆಗ ಅವರ ಹೆಂಡತಿ ಶಾಂತಾಬಾಯಿ, ಅರವತ್ತರ ಹತ್ತಿರದಲ್ಲಿ, ಯಾರ ಮಾತೂ ಕೇಳದೆ ಡ್ರೈವಿಂಗ್ ಕಲಿತರು. ಹೊಸದಾಗಿ ಒಂದು ಸಣ್ಣ ಪೆಟ್ರೋಲ್ ಟರ್ಬೊ ಗಾಡಿ ತೆಗೆದುಕೊಂಡರು. ಪಾಟೀಲರು ಪಕ್ಕದ ಸೀಟಿನಲ್ಲಿ ಕೂತು, ಎಂಜಿನ್ ಸದ್ದು ಕೇಳಿ ಗೇರು ಹೇಳುತ್ತಿದ್ದರು. "ಎರಡು" ಎನ್ನುತ್ತಿದ್ದರು, ಶಾಂತಾಬಾಯಿ ಎರಡು ಹಾಕುತ್ತಿದ್ದರು. "ಮೂರು" ಎಂದರೆ ಮೂರು. ಸಂಜೆ ಕೀಸರದ ರಸ್ತೆಯಲ್ಲಿ ಹೀಗೆ ಒಂದು ಸುತ್ತು ಹೋಗಿ ಬರುವುದು ಅವರ ರೂಢಿ. ನಮ್ಮ ಗೇಟಿನೊಳಗೆ ಬರುವಾಗಲೂ ಕಿಟಕಿಯಿಂದ "ಒಂದಕ್ಕ ಇಳಸು" ಎಂಬ ದನಿ ಕೇಳುತ್ತಿತ್ತು. ನಮ್ಮವರು ಮೀಸೆಯಡಿಯಲ್ಲಿ ನಗುತ್ತಿದ್ದರು. ನನಗೆ ಮಾತ್ರ ನೋಡಲು ಹಿತವೆನಿಸುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವರು ಬಂದಾಗ ಶಾಂತಾಬಾಯಿಯವರ ಮುಖ ಬಾಡಿತ್ತು. "ಅಯ್ಯನವರ, ಗಾಡಿ ಓಡಿಸಿದ ಮ್ಯಾಲ ಏನೋ ಸುಟ್ಟ ವಾಸನಿ ಬರಾಕತ್ತೈತಿ," ಎಂದರು. ಬಾನೆಟ್ ತೆಗೆದೆ. ಟರ್ಬೊದ ಮೇಲೆ ಪತ್ರಾ ಇರಲಿಲ್ಲ. ಬೋಲ್ಟಿನ ಮೂರು ತೂತು ಬಾಯಿ ತೆರೆದುಕೊಂಡಿದ್ದವು. ಪಕ್ಕದಲ್ಲಿ ಹಾದುಹೋಗುವ ವೈರಿನ ಕಟ್ಟಿನ ಹೊದಿಕೆ ಹುರಿದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಪುಡಿ ಉದುರಿತು. ಇನ್ನು ಸ್ವಲ್ಪ ದಿನ ಹೋಗಿದ್ದರೆ ಒಳಗಿನ ತಂತಿ ಬರಿದಾಗುತ್ತಿತ್ತು. ಬೆಂಕಿ ಹತ್ತಲು ಅಷ್ಟೇ ಸಾಕು.

ಯಾರು ತೆಗೆದರು ಎಂದು ಕೇಳಿದೆ. ಶಾಂತಾಬಾಯಿ ನಡೆದದ್ದನ್ನು ಹೇಳಿದರು. ಎರಡು ತಿಂಗಳ ಹಿಂದೆ ಗಾಡಿ ಝಣಝಣ ಎನ್ನತೊಡಗಿತಂತೆ. ಅಂದಿನಿಂದ ಪಾಟೀಲರಿಗೆ ಗೇರು ಹೇಳಲು ಆಗಲಿಲ್ಲ. ಒಂದು ಸಂಜೆ ಚೌರಸ್ತಾದಲ್ಲಿ ಅವರು ಸುಮ್ಮನೆ ಕೂತುಬಿಟ್ಟರು, ಗೇರು ಬದಲಾಗದೆ ಗಾಡಿ ನಡುರಸ್ತೆಯಲ್ಲಿ ತೆವಳಿ ನಿಂತಿತು. ಹಿಂದಿನಿಂದ ಹಾರ್ನುಗಳ ಮಳೆ. ಮನೆಗೆ ಬಂದವರೇ ಪಾಟೀಲರು ಗಾಡಿ ಮಾರಿಬಿಡು ಎಂದರಂತೆ. ಹಾಸಿಗೆ ಹಿಡಿದವರಂತೆ ಗೋಡೆಯ ಕಡೆ ಮುಖ ಮಾಡಿ ಮಲಗುವುದು, ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವುದು. ಕೊನೆಗೆ ರಸ್ತೆ ಬದಿಯ ಒಂದು ಗ್ಯಾರೇಜಿನವನು ಪತ್ರಾ ಕಿತ್ತುಹಾಕಿದ. ಸದ್ದು ಹೋಯಿತು, ಪಾಟೀಲರು ಮತ್ತೆ ಮುಂದಿನ ಸೀಟಿಗೆ ಬಂದರು. "ಅವರು ಅಲ್ಲಿ ಕೂಡೂದು ಬಿಟ್ರ ಹಾಸಿಗಿಂದ ಏಳೂದಿಲ್ರಿ ಅಯ್ಯನವರ," ಎಂದು ಶಾಂತಾಬಾಯಿ ಮೆಲ್ಲಗೆ ಹೇಳಿದರು.

ಪಾಟೀಲರು ಬೆಂಚಿನ ಮೇಲೆ ಕೂತಲ್ಲಿಂದಲೇ ವಾದಕ್ಕೆ ಸಿದ್ಧರಾಗಿದ್ದರು. "ಪತ್ರಾ ಬ್ಯಾಡ್ರಿ. ನಾ ಜನ್ಮ ಎಲ್ಲಾ ಎಲೆಕ್ಟ್ರಾನಿಕ್ಸ್‌ನ್ಯಾಗ ತೆಗದೀನಿ. ಬಿಸಿ ಆಗೂ ಸಾಮಾನಿಗೆ ಗಾಳಿ ಬಿಡಬೇಕು. ಮುಚ್ಚಿಟ್ರ ಸುಡತೈತಿ, ತೆರೆದಿಟ್ರ ತಣ್ಣಗಾಗತೈತಿ."

"ನಿಮ್ಮ ಸಾಮಾನು ಬಿಸಿ ಆದ್ರ ತಾನ ಸುಟ್ಟುಕೊಳ್ಳತೈತಿ ಪಾಟೀಲರ," ಎಂದೆ. "ಟರ್ಬೊ ಹಂಗಲ್ರಿ. ಅದು ಬಿಸಿಗೇ ಹುಟ್ಟಿದ್ದು, ಅದಕ್ಕೇನೂ ಆಗೂದಿಲ್ಲ. ಅದು ಬಾಜೂದವರನ್ನ ಸುಡತೈತಿ."

ಇದು ಹೊಸಬರು ತಿಳಿಯಬೇಕಾದ ಮಾತು. ಪತ್ರಾ ಟರ್ಬೊವನ್ನು ಕಾಯುವುದಿಲ್ಲ, ಅದರ ನೆರೆಹೊರೆಯನ್ನು ಕಾಯುತ್ತದೆ. ವೈರು, ರಬ್ಬರಿನ ಕೊಳವೆ, ಪ್ಲಾಸ್ಟಿಕ್ಕಿನ ಡಬ್ಬಿ, ಎಂಜಿನ್ ಕೂರಿಸಿದ ರಬ್ಬರು, ಬಾನೆಟ್ಟಿನ ಬಣ್ಣ ಎಲ್ಲವೂ ಅದರ ಆಶ್ರಯದಲ್ಲಿ ಬದುಕುತ್ತವೆ. ಈಗಿನ ಗಾಡಿಗಳಲ್ಲಿ ಅವು ಮೈಗೆ ಮೈ ತಾಗಿಸಿಕೊಂಡು ಕೂತಿರುತ್ತವೆ, ಸಿಟಿ ಬಸ್ಸಿನ ಹಾಗೆ. ಓಡುವಾಗ ಗಾಳಿ ಆಡುತ್ತದೆ, ಸ್ವಲ್ಪ ತಡೆಯುತ್ತವೆ. ಗಾಡಿ ನಿಲ್ಲಿಸಿದ ಮೇಲೆ ಗಾಳಿ ಸತ್ತು, ಕಾದ ಕಬ್ಬಿಣ ಬಾನೆಟ್ಟಿನೊಳಗೆ ಒಂದೇ ಸಮ ಶಾಖ ಚೆಲ್ಲುತ್ತದೆ. ಹಾಳಾಗುವುದು ಆಗ. ಕೆಲವರು ಪತ್ರಾ ಬದಲಿಗೆ ಬಿಸಿ ತಡೆಯುವ ಪಟ್ಟಿ ಸುತ್ತುತ್ತಾರೆ. ಅದು ಎಣ್ಣೆ ಹೀರಿದರೆ ಹೊತ್ತಿಕೊಳ್ಳುತ್ತದೆ, ನೀರು ಹೀರಿದರೆ ಒಳಗಿನ ಕಬ್ಬಿಣ ಕೊಳೆಯುತ್ತದೆ. ಹಿಂದಿನ ಸೈಲೆನ್ಸರಿನ ಪತ್ರಾ ಸಡಿಲವಾಗಿದ್ದರೆ ಗಿರಾಕಿಯನ್ನು ನಾಳೆ ಬಾ ಎನ್ನಬಹುದು. ಟರ್ಬೊದ ಪತ್ರಾ ಇಲ್ಲದಿದ್ದರೆ ಗಾಡಿ ನಿಲ್ಲಿಸಿಕೊಳ್ಳಿ.

ಪಾಟೀಲರಿಗೆ ಕಣ್ಣಿಂದ ತೋರಿಸುವ ಹಾಗಿರಲಿಲ್ಲ. ಅಂಗಳದಲ್ಲಿದ್ದ ಅಂಥದೇ ಇನ್ನೊಂದು ಗಾಡಿಯನ್ನು ಪತ್ರಾ ಸಮೇತ ಒಂದು ಸುತ್ತು ಓಡಿಸಿ ತರಿಸಿದೆ, ಅವರ ಗಾಡಿಯನ್ನೂ ಓಡಿಸಿ ತರಿಸಿದೆ. ರಜ್ವಿ ಸಾಬರು ತಾವೇ ಬಂದು ಪಾಟೀಲರ ಕೈ ಹಿಡಿದರು. ಕೈಯ ಬೆನ್ನನ್ನು ಮೊದಲು ಪತ್ರಾ ಇದ್ದ ಕಡೆ, ವೈರು ಹಾಯುವ ಜಾಗಕ್ಕೆ ತಂದರು. ಆಮೇಲೆ ಅವರದೇ ಗಾಡಿಯ ಅದೇ ಜಾಗಕ್ಕೆ. ಪಾಟೀಲರು ಚಟ್ಟನೆ ಕೈ ಎಳೆದುಕೊಂಡರು.

"ತಿಳೀತ್ರಿ," ಎಂದರು. "ನಿಮ್ಮ ಮಾತು ಖರೇ ಐತಿ. ಆದರೂ ಬ್ಯಾಡ."

ನನಗೆ ಆಶ್ಚರ್ಯವಾಯಿತು, ಸಿಟ್ಟೂ ಬಂತು. ತಪ್ಪು ಎಂದು ಒಪ್ಪಿಕೊಂಡ ಮೇಲೂ ಅದನ್ನೇ ಹಿಡಿಯುವ ಹಟ ಯಾಕೆ? ಪಾಟೀಲರು ಅಂಥ ಮನುಷ್ಯರಲ್ಲ. ರಜ್ವಿ ಸಾಬರು ಗೇಟು ಬಿಡುವುದಿಲ್ಲ, ಪಾಟೀಲರು ಸದ್ದಿನ ಗಾಡಿ ಹತ್ತುವುದಿಲ್ಲ. ಬಿಸಿ ತುಪ್ಪ ನನ್ನ ಬಾಯಿಯಲ್ಲಿ, ಉಗುಳುವಂತಿಲ್ಲ, ನುಂಗುವಂತಿಲ್ಲ. ಶಾಂತಾಬಾಯಿ ನನ್ನನ್ನೇ ನೋಡುತ್ತಿದ್ದರು. ಸದ್ದೇ ಮಾಡದ ಪತ್ರಾ ಕೂರಿಸಿ ಕೊಡುತ್ತೇನೆ, ಒಂದು ಚೂರು ಸದ್ದು ಬಂದರೂ ನೀವು ಹತ್ತಬೇಡಿ ಎಂದು ಪಾಟೀಲರಿಗೆ ಮಾತು ಕೊಟ್ಟೆ.

ಹೊಸ ಪತ್ರಾ ಕಂಪನಿಯಿಂದ ಬರಲು ತಡವಾಗುತ್ತದೆ ಎಂದರು. ಯಾದಗಿರಿ ಆ ರಸ್ತೆ ಬದಿಯ ಗ್ಯಾರೇಜಿಗೆ ಹೋಗಿ ಹಳೆಯದನ್ನೇ ಹುಡುಕಿ ತಂದ. ಎಣ್ಣೆ ಡಬ್ಬಿಗಳ ಮೇಲೆ ಧೂಳಿಗೆ ಮರೆಯಾಗಿ ಮಲಗಿಸಿದ್ದರಂತೆ. ಒಂದು ತೂತು ಬಿರುಕು ಬಿಟ್ಟಿತ್ತು, ಎರಡು ಪದರದ ತಗಡು ಅಂಚಿನಲ್ಲಿ ಬಾಯಿ ಬಿಟ್ಟಿತ್ತು. ಮೊದಲು ಸುಟ್ಟ ವೈರಿನ ಕಟ್ಟನ್ನು ಬದಲಿಸಿದೆವು. ಯಾದಗಿರಿ ಪತ್ರಾದ ಅಂಚನ್ನು ಚಿಕ್ಕ ಸುತ್ತಿಗೆಯಿಂದ ಮಡಿಸಿ ಕೂಡಿಸಿದ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ಮಾಡಿದ. ಮೇಲೊಂದು ಕೆಳಗೊಂದು ಅಗಲವಾದ ಸ್ಟೀಲ್ ವಾಷರು, ನಡುವೆ ಸ್ಟೀಲ್ ಜಾಲರಿಯ ಮೆತ್ತೆ. ರಬ್ಬರಿನ ಹೆಸರನ್ನು ಯಾರೂ ಎತ್ತಲಿಲ್ಲ.

ಕೂರಿಸಿ ಚಾಲೂ ಮಾಡಿದರೆ ನನ್ನ ಕಿವಿಗೆ ಏನೂ ಇಲ್ಲ. ಪಾಟೀಲರು ತಲೆ ಅಲ್ಲಾಡಿಸಿದರು. "ಇನ್ನೂ ಐತಿ."

ಆಗ ರಜ್ವಿ ಸಾಬರು ಒಂದು ಕೆಲಸ ಮಾಡಿದರು. ಅಂಗಳದ ಉಳಿದ ಎಲ್ಲ ಎಂಜಿನ್ ನಿಲ್ಲಿಸಲು ಹೇಳಿದರು. ಗಾಳಿ ತುಂಬುವ ಯಂತ್ರ ನಿಂತಿತು, ನೀರಿನ ಪೈಪು ನಿಂತಿತು, ರೇಡಿಯೋ ಬಾಯಿ ಮುಚ್ಚಿತು. ಅಷ್ಟು ವರ್ಷಗಳಲ್ಲಿ ವರ್ಕ್‌ಶಾಪ್ ಅಷ್ಟು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ತಗಡಿನ ಮಾಡಿನ ಮೇಲೆ ಪಾರಿವಾಳ ನಡೆದಾಡುವುದು ಕೇಳುತ್ತಿತ್ತು. ಬೇವಿನ ಎಲೆ ಬಿಸಿಲಿನಲ್ಲಿ ಉದುರುತ್ತಿತ್ತು. ಪಾಟೀಲರು ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಕೂತಿದ್ದರು. "ಎಡಕ್ಕ, ಕೆಳಗ, ಅಲ್ಲಿ ಇನ್ನೂ ಮಾತಾಡಾಕತ್ತೈತಿ," ಎನ್ನುತ್ತಿದ್ದರು. ಯಾದಗಿರಿ ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಅಲ್ಲೊಂದು ಪೆಟ್ಟು ಕೊಟ್ಟು ಮತ್ತೆ ಚಾಲೂ ಮಾಡುತ್ತಿದ್ದ. ಹೀಗೆ ಬಿಸಿಲು ಬಂಡೆಯಿಂದ ಇಳಿದು ಗೇಟಿನವರೆಗೆ ಹೋಯಿತು. ಯಾರೂ ಗೊಣಗಲಿಲ್ಲ. ನನಗಂತೂ ಆ ಮಧ್ಯಾಹ್ನ ಮುಗಿಯದಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು. ಕೊನೆಗೆ ಪಾಟೀಲರ ಹಣೆಯ ಗೆರೆ ಸಡಿಲವಾಯಿತು. "ಈಗ ಮಲಗೇತಿ ನೋಡ್ರಿ," ಎಂದರು.

ಪರೀಕ್ಷೆಗೆಂದು ಕೀಸರದ ರಸ್ತೆಗೆ ಹೊರಟೆವು. ಶಾಂತಾಬಾಯಿ ಸ್ಟೇರಿಂಗಿನಲ್ಲಿ, ಪಾಟೀಲರು ಪಕ್ಕದಲ್ಲಿ, ನಾನು ಹಿಂದೆ. ಗಾಡಿ ಹಾಲು ಸುರಿದಂತೆ ಹೋಯಿತು. "ಎರಡು," ಎಂದರು ಪಾಟೀಲರು. ನಾನು ಸುಮ್ಮನೆ ಶಾಂತಾಬಾಯಿಯವರ ಕೈ ನೋಡುತ್ತ ಕೂತಿದ್ದೆ, ಅಭ್ಯಾಸಬಲ. ಸ್ವಲ್ಪ ಹೊತ್ತಾದ ಮೇಲೆ ಏನೋ ಹೊಳೆಯಿತು. ಪಾಟೀಲರು "ಮೂರು" ಎನ್ನುವ ಮೊದಲೇ ಶಾಂತಾಬಾಯಿಯವರ ಬಳೆ ತೊಟ್ಟ ಎಡಗೈ ಗೇರಿನ ಮೇಲೆ ಬಂದು ಕೂತಿತ್ತು. ಕಾಲು ಕ್ಲಚ್ಚನ್ನು ಒತ್ತಿಯಾಗಿತ್ತು. ಆದರೂ ಅವರು ಕಾಯುತ್ತಿದ್ದರು. ಪಾಟೀಲರ ಬಾಯಿಂದ ಮಾತು ಬಿದ್ದ ಮೇಲೆಯೇ ಗೇರು ಹಾಕುತ್ತಿದ್ದರು. ಮುಂದಿನ ಸಲವೂ ಹಾಗೆಯೇ, ಅದರ ಮುಂದಿನ ಸಲವೂ. ಒಮ್ಮೆಯೂ ತಪ್ಪಲಿಲ್ಲ. ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ.

ಕನ್ನಡಿಯಲ್ಲಿ ಶಾಂತಾಬಾಯಿ ನನ್ನ ಕಣ್ಣು ನೋಡಿದರು. ನಾನು ಕಂಡುಕೊಂಡೆ ಎಂದು ಅವರಿಗೂ ತಿಳಿಯಿತು. ಬೇಡ ಎನ್ನುವ ಹಾಗೆ ತಲೆಯನ್ನು ಕಾಣದಷ್ಟು ಸಣ್ಣಗೆ ಅಲ್ಲಾಡಿಸಿದರು.

ಗಾಡಿ ಒಳಗೆ ತಂದು ನಿಲ್ಲಿಸಿದ ಮೇಲೆ ಅವರು ಕೌಂಟರಿನ ಹತ್ತಿರ ನನ್ನನ್ನು ನಿಲ್ಲಿಸಿದರು. "ಅವರಿಗೆ ಹೇಳಬ್ಯಾಡ್ರಿ ಅಯ್ಯನವರ. ನನಗ ಗೇರ್ ತಿಳದು ಭಾಳ ದಿನ ಆತು. ಹೇಳೂದು ಅವರಿಗೆ ಬೇಕು. ಆವತ್ತು ಚೌರಸ್ತಾದಾಗನೂ ನಾ ಅವರು ಹೇಳಲಿ ಅಂತ ಕ್ಲಚ್ ಒತ್ತಿಕೊಂಡು ಕೂತಿದ್ದೆ. ಹಿಂದಿನ ಮಂದಿ ಬೈದದ್ದು ಬೈಲಿ, ಅವರ ಮಾತಿಲ್ಲದ ಹಾಕಾಕ ನನಗ ಮನಸಾಗಲಿಲ್ಲ." ನಾನು ಆಯಿತು ಎಂದೆ. ಅವರು ನೀರು ಕುಡಿಯಲು ಒಳಗೆ ಹೋದರು.

ನಾನು ಗಾಡಿಯ ಹತ್ತಿರ ಬಂದೆ. ಪಾಟೀಲರು ಮುಂದಿನ ಸೀಟಿನಲ್ಲೇ ಕೂತಿದ್ದರು, ನನ್ನ ಹೆಜ್ಜೆ ಗುರುತಿಸಿ ಕಿಟಕಿಯಿಂದ ಕೈ ಚಾಚಿದರು.

"ಭಾಳ ಉಪಕಾರ ಆತು. ನಮ್ಮಾಕಿ ಅಲ್ಲಿ ಅದಾಳೇನ್ರಿ?"

"ಇಲ್ರಿ, ಒಳಗ ಹೋಗ್ಯಾರ."

"ಹಂಗಾದ್ರ ನಿಮಗೊಂದು ಹೇಳತೀನಿ. ನಾ ಯಾಕ ಆ ಪತ್ರಾಕ್ಕ ಅಷ್ಟು ಹಟ ಹಿಡದೆ ಅಂತ ನಿಮಗ ಸಿಟ್ಟು ಬಂದಿತ್ತು, ನಿಮ್ಮ ದನಿಯಾಗ ಗೊತ್ತಾತು. ಈ ಹೊಸಾ ಎಂಜಿನ್ ಸದ್ದು ನನಗ ತಿಳಿಯೂದಿಲ್ರಿ. ಎರಡಕ್ಕೂ ಮೂರಕ್ಕೂ ಒಂದ ಥರ ಗುಂಯ್ ಅಂತೈತಿ. ಆಕಿ ಗೇರಿಗೆ ಕೈ ಒಯ್ದಾಗ ಗಾಜಿನ ಬಳಿ ಸಪ್ಪಳಾಗತಾವ. ಅದನ್ನ ಕೇಳಿ ನಾ ಎರಡು ಅಂತೀನಿ, ಮೂರು ಅಂತೀನಿ. ಪತ್ರಾ ಝಣಝಣ ಅನ್ನಾಕ ಹತ್ತಿತ್ತು ನೋಡ್ರಿ, ಬಳಿ ಯಾವುದು ಪತ್ರಾ ಯಾವುದು ತಿಳೀಲಿಲ್ಲ. ಚೌರಸ್ತಾದಾಗ ಸುಮ್ಮ ಕೂತೆ."

ನಾನು ಅವರ ಕೈ ಹಿಡಿದುಕೊಂಡೇ ನಿಂತೆ.

"ನಾ ಬಾಜೂಕ ಇದ್ದು ಹೇಳಿದ್ರ ಆಕಿಗೆ ಧೈರ್ಯ ಇರತೈತಿ," ಎಂದರು ಪಾಟೀಲರು. "ನನಗ ಗೇರ್ ತಿಳಿಯೂದಿಲ್ಲ ಅಂತ ಗೊತ್ತಾದ್ರ ಆಕಿ ಅಂಜಿ ಗಾಡಿ ಬಿಟ್ಟುಬಿಡತಾಳ. ಆಕಿಗೆ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದೆ. ಶಾಂತಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬರುತ್ತಿದ್ದರು. ಅಕ್ಕಾರ, ಒಂದು ನಿಮಿಷ ತಡೀರಿ ಎಂದು ಬಾನೆಟ್ ತೆಗೆಸಿದೆ. ಕೈಯ ಬೆನ್ನಿಂದ ಬಿಸಿ ನೋಡಿಕೊಂಡು, ಪಾನಾ ತೆಗೆದುಕೊಂಡು, ಪತ್ರಾದ ಆ ಮೂರು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ.